ಒಮ್ಮೆಯೂ ರಸ್ತೆಗೆ ಇಳಿಯದೆ

ಬೀದರ
೧೯ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಬಸವೇಶ್ವರಿಯ ಶರಣು ಶರಣಾರ್ಥಿಗಳು. ತೊಡೆಯ ನೋವು ಈಗ ಹೇಗಿದೆ? ಮುಂಜಾನೆ ಏಳುವಾಗ ಹಿಡಿದುಕೊಳ್ಳುತ್ತದೆ, ಬಿಸಿಲು ಬಂದ ಮೇಲೆ ಬಿಡುತ್ತದೆ ಎಂದು ಆರತಿ ಹೇಳಿದಳು. ಎಣ್ಣೆ ಕಾಯಿಸಿ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಮಗಳಿಗೆ ತ್ರಾಸು ಎಂದು ಸುಮ್ಮನಿದ್ದೀರೋ? ಸುಮ್ಮನಿರಬೇಡಿ. ಆರತಿ ನೀವು ಹೆತ್ತ ಮಗಳು, ಪಕ್ಕದ ಮನೆಯವಳಲ್ಲ. ಭಾಲ್ಕಿಯಲ್ಲಿ ಇನ್ನೂ ಚಳಿ ಇದೆಯೇ? ಇಲ್ಲಿ ಹಗಲಿನ ಬಿಸಿಲು ಈಗಲೇ ಚುರುಗುಟ್ಟುತ್ತಿದೆ. ಎಲುಬು ಪೂರ್ತಿ ಕೂಡಿದೆ, ಇನ್ನು ನಡೆದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದರೂ ನೀವು ವಾಕರ್ ಹಿಡಿದು ಅಂಗಳದ ತುದಿಗೆ ಬಂದು, ಗೇಟು ಮುಟ್ಟಿ, ತಿರುಗಿ ಒಳಗೆ ಹೋಗುತ್ತೀರಂತೆ. ಆ ಸಂಗತಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆರತಿ ಫೋನು ಎತ್ತಿದಳೆಂದರೆ ಸ್ಪೀಕರ್ ಹಾಕಿಬಿಡುತ್ತಾಳೆ, ಅಳಿಯಂದಿರು ಟೀವಿಯ ದನಿ ತಗ್ಗಿಸಿ ಕಿವಿ ಕೊಡುತ್ತಾರೆ, ನೀವು ಬರೀ "ಹ್ಞೂಂ, ಹ್ಞೂಂ" ಅನ್ನುತ್ತೀರಿ. ನಿಮಗೊಬ್ಬರಿಗೇ ಹೇಳಬೇಕಾದ ಒಂದು ಮಾತು ಇದರಲ್ಲಿದೆ. ಅದಕ್ಕಾಗಿ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಕದ ಎಳೆದುಕೊಂಡು ಬರೆಯಲು ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇದು ಗೆದ್ದ ಸುದ್ದಿ, ಗಾಬರಿಯಾಗಬೇಡಿ. ಇದರಲ್ಲಿ ನಿಮ್ಮ ಅಣ್ಣನ ಮಗ ಹಾವಗೆಪ್ಪಣ್ಣನ ಹೆಸರು ಬರುತ್ತದೆ. ನಾನು ಅವರ ಮುಂದೆ ಜೆಸಿಬಿ ತಂದು ನಿಲ್ಲಿಸಿದೆ ಎಂಬ ಮಾತು ಇಷ್ಟರಲ್ಲಿ ಸಂತಪುರದಿಂದಲೋ ಔರಾದದಿಂದಲೋ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಸುಳ್ಳಲ್ಲ, ನಿಲ್ಲಿಸಿದೆ. ಆದರೆ ಪೂರ್ತಿ ಓದಿ, ಆಮೇಲೆ ಸಿಟ್ಟು ಮಾಡಿ.

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿಸಿ ಬರುವಾಗ ನಮ್ಮ ಗಲ್ಲಿಯ ತಿರುವಿನಲ್ಲಿ ಕಾಲು ಜಾರಿತು ಎಂದು ನೀವು ಹೇಳಿದಿರಿ. ಸೊಪ್ಪು ಮಾರುವ ಅಕ್ತರಬೀ ನಿಮ್ಮನ್ನು ಆಟೋದಲ್ಲಿ ಮನೆಯ ತನಕ ತಂದು ಬಿಟ್ಟಳು. ದವಾಖಾನೆ, ರಾಡು, ಹೊಲಿಗೆ ಎಲ್ಲ ಮುಗಿದ ಮೇಲೆ ನಮ್ಮ ಮಹಡಿಯ ಮೆಟ್ಟಿಲು ಹತ್ತುವುದು ಆಗದೆಂದು ಆರತಿಯ ಮನೆಗೆ ಹೊರಟಿರಿ. ಕಾರು ಹತ್ತುವಾಗ ನನ್ನ ಕೈ ಹಿಡಿದು, "ಇನ್ನ ನನಗ ಬೀದರ ಸಾಕವಾ ಬಸು, ಇಲ್ಲಿ ಮುದುಕರಿಗಿ ಕಾಲಿಡ್ಲಿಕ್ಕ ಜಾಗಾ ಉಳದಿಲ್ಲ" ಎಂದಿರಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಊರು ತೋರಿಸಿದವರು ನೀವು. ಚೌಬಾರಾ ಗೋಪುರದ ತನಕ ನಡೆಸಿಕೊಂಡು ಹೋಗಿ, ಆಟೋದವರು ಕರೆದರೆ "ನಮಗ ಕಾಲು ಅದಾವಪಾ" ಎಂದು ನಗುತ್ತಿದ್ದಿರಿ. ನೆಂಟರು ಬಂದರೆ ಬಸ್ ನಿಲ್ದಾಣಕ್ಕೆ ನಡೆದು ಹೋಗಿ ಕರೆತರುತ್ತಿದ್ದಿರಿ. ಅಂಥವರು ಗೇಟು ಮುಟ್ಟಿ ತಿರುಗುವುದೆಂದರೇನು?

ನಾನು ಆಗ ನಗರಸಭೆಯ ನೀರಿನ ವಿಭಾಗದಲ್ಲಿ ಇದ್ದದ್ದು ನಿಮಗೆ ಗೊತ್ತು. ಫುಟ್‌ಪಾತು ಮತ್ತು ಸೈಕಲ್ ದಾರಿಯ ಉಸ್ತುವಾರಿ ನಮ್ಮ ಕಚೇರಿಯಲ್ಲಿ ಯಾರಿಗೂ ಬೇಡವಾದ ಕೆಲಸ. ಕಟ್ಟುವಾಗ ಎಲ್ಲರೂ ಬರುತ್ತಾರೆ, ಟೇಪು ಕತ್ತರಿಸುತ್ತಾರೆ, ಫೋಟೋ ತೆಗೆಸುತ್ತಾರೆ. ಕಟ್ಟಿದ್ದನ್ನು ಕಾಯುವವರು ಮಾತ್ರ ಇಲ್ಲ. ನಾನೇ ಹೋಗಿ ಆ ಕೆಲಸ ಕೇಳಿದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿ, "ಮೇಡಂ, ಇದು ದಿನಾ ಜಗಳದ ಕೆಲಸ ಅದ, ತಿಳದು ಕೇಳ್ಲತ್ತೀರೇನು?" ಅಂದರು. ತಿಳಿದೇ ಕೇಳುತ್ತಿದ್ದೇನೆ ಅಂದೆ. ಹಳೇ ನಾಕಾ ವೃತ್ತದಿಂದ ಬಸ್ ನಿಲ್ದಾಣದ ತನಕ ಒಂದು ಬದಿಯ ಫುಟ್‌ಪಾತು, ಅದರ ಅಂಚಿಗೆ ಬಳಿದ ಹಸಿರು ಪಟ್ಟಿಯ ಸೈಕಲ್ ದಾರಿ, ಇಷ್ಟನ್ನು ಮೊದಲು ಕೈಗೆತ್ತಿಕೊಂಡೆ. ನಿಮ್ಮ ದಾರಿ ಅದೇ ಎಂಬುದು ಒಂದು ಕಾರಣ. ಒಬ್ಬ ಮನುಷ್ಯ ಒಮ್ಮೆಯೂ ರಸ್ತೆಗೆ ಇಳಿಯದೆ ಈ ತುದಿಯಿಂದ ಆ ತುದಿಗೆ ಹೋಗುವಂತಾಗಬೇಕು, ನನ್ನ ಗುರಿ ಇಷ್ಟೇ ಇತ್ತು.

ಮೊದಲ ದಿನ ಆ ದಾರಿಯಲ್ಲಿ ನಡೆದಾಗ ನಾನು ಎಷ್ಟು ಸಲ ರಸ್ತೆಗೆ ಇಳಿದೆನೋ ಲೆಕ್ಕವಿಲ್ಲ. ಕಬ್ಬಿಣದಂಗಡಿಯವರ ಸಲಾಕೆಗಳು, ಮಿಠಾಯಿ ಅಂಗಡಿಯವರ ಒಲೆ, ಸಾಲಾಗಿ ನಿಲ್ಲಿಸಿದ ಮೋಟರ್‌ಸೈಕಲ್ಲುಗಳು, ಯಾರೋ ಮನೆ ಕಟ್ಟಲು ತಂದು ಸುರಿದ ಮರಳು, ಚರಂಡಿಯ ಮೇಲೆ ಅಲುಗಾಡುವ ಚಪ್ಪಡಿ. ಸೈಕಲ್ ದಾರಿಯಂತೂ ಕಣ್ಣಿಗೇ ಕಾಣುತ್ತಿರಲಿಲ್ಲ. ಕಸ ಗುಡಿಸುವವರು ರಸ್ತೆಯ ಕೆಂಪು ಮಣ್ಣನ್ನೆಲ್ಲ ಅಂಚಿಗೆ ಗುಡಿಸಿ ಬಿಡುತ್ತಿದ್ದರು, ಅಂಚೆಂದರೆ ಅದೇ ಸೈಕಲ್ ದಾರಿ. ಅದರ ಮೇಲೆ ಜಾಲಿಮುಳ್ಳು. ಶಾಲೆಗೆ ಹೋಗುವ ಹುಡುಗಿಯರು ನಡುರಸ್ತೆಯಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿಯುತ್ತಿದ್ದರು. ಧೊಂಡಿಬಾ ಎಂಬ ಗಾರೆ ಕೆಲಸದ ಗೌಂಡಿಯನ್ನೂ ಅವನ ಇಬ್ಬರು ಆಳುಗಳನ್ನೂ ನನ್ನ ಜೊತೆಗೆ ಕೊಟ್ಟರು. ಅವನು ಬಗದಲ್ ಕಡೆಯವನು, ಮಾತು ಕಮ್ಮಿ, ಎಲೆಅಡಿಕೆ ಜಾಸ್ತಿ. ಒಡೆದ ಚಪ್ಪಡಿ ತೆಗೆದು ಹೊಸದು ಕೂಡಿಸಿದೆವು. ಗುಡಿಸಿದ ಮಣ್ಣನ್ನು ಅಲ್ಲಲ್ಲೇ ತುಂಬಿಕೊಂಡು ಹೋಗಲು ಒಂದು ಕೈಗಾಡಿ ಗೊತ್ತು ಮಾಡಿದೆ. ಮೋಟರ್‌ಸೈಕಲ್ಲು ಮೇಲೇರದಂತೆ, ಆದರೆ ಗಾಲಿಕುರ್ಚಿ ದಾಟುವಂತೆ ಅಲ್ಲಲ್ಲಿ ಕಲ್ಲಿನ ಗೂಟ ನೆಡಿಸಿದೆ. ಸೈಕಲ್ ದುರಸ್ತಿ ಮಾಡುವ ನಜಮೋದ್ದೀನ ಒಂದು ದಿನ ನನ್ನನ್ನು ನಿಲ್ಲಿಸಿ, "ಮೇಡಂ, ನೀವು ಮುಳ್ಳು ಸಾಫ್ ಮಾಡಿಸಿ ನನ್ನ ಪಂಕ್ಚರ್ ಧಂದಾನೇ ಮುಳುಗಿಸಿದ್ರಿ" ಎಂದು ದೂರಿದ. ನಾನು ಪೆಚ್ಚಾಗಿ ನಿಂತೆ. ಅವನು ನಕ್ಕು, "ಫಿಕರ್ ಮಾಡಬ್ಯಾಡ್ರಿ, ಸೈಕಲ್ ಹೊಡಿಯೋರು ಜಾಸ್ತಿ ಆಗ್ಯಾರ, ಬ್ರೇಕ್ ಕೆಲಸ ಬರ್ಲತ್ತದ" ಎಂದ. ಆ ದಿನ ಮನೆಗೆ ಬರುವಾಗ ನಾನೊಬ್ಬಳೇ ನಗುತ್ತಾ ಬಂದೆ.

ಅಂಗಡಿಯವರ ಜೊತೆಗಿನ ಜಗಳ ಬರೆಯುತ್ತಾ ಕೂತರೆ ಕಾಗದ ಸಾಲದು. ಕಬ್ಬಿಣದಂಗಡಿಯವರು ಮೊದಲು ಬೈದರು, ಆಮೇಲೆ ಸಲಾಕೆ ಒಳಗೆ ಎಳೆದುಕೊಂಡರು. ಮಿಠಾಯಿಯವರು ಒಂದು ಡಬ್ಬಿ ಪೇಡಾ ಹಿಡಿದು ಮನೆಗೇ ಬಂದರು. ನಿಮ್ಮ ಮಗ ಕೈ ಚಾಚಿಯೇಬಿಟ್ಟಿದ್ದರು, ನಾನು ದುರುಗುಟ್ಟಿ ನೋಡಿದ ಮೇಲೆ ಹಿಂದೆ ಎಳೆದುಕೊಂಡರು. ಎಲ್ಲಕ್ಕಿಂತ ಕಠಿಣವಾದದ್ದು ಅಕ್ತರಬೀಯ ಮಾತು. ಅವಳು ನಾಕಾದ ಹತ್ತಿರ ಬುಟ್ಟಿ ಇಟ್ಟುಕೊಂಡು ಮೆಂತ್ಯ, ಪುಂಡಿಪಲ್ಲೆ ಮಾರುವುದು ನಿಮಗೆ ಗೊತ್ತೇ ಇದೆ, ನೀವು ಅವಳ ಹತ್ತಿರ ಬಿಟ್ಟು ಬೇರೆಲ್ಲೂ ಪಲ್ಲೆ ಕೊಂಡವರಲ್ಲ. ಅವಳ ಬುಟ್ಟಿಯೂ ದಾರಿಯ ಮಧ್ಯೆಯೇ ಇತ್ತು. ಅವಳನ್ನೂ ಅವಳಂಥವರನ್ನೂ ಓಡಿಸಲು ನನಗೆ ಮನಸ್ಸಿರಲಿಲ್ಲ. ದಾರಿ ಅಗಲವಾಗಿರುವ ಬೇವಿನ ಮರದ ಕೆಳಗೆ ಗೋಡೆಯ ಪಕ್ಕಕ್ಕೆ ಬಿಳಿ ಗೆರೆ ಎಳೆಸಿ, ಪಲ್ಲೆ ಮಾರುವ ಹೆಂಗಸರಿಗೆ ಅಲ್ಲಿ ಕೂರಲು ಜಾಗ ಮಾಡಿಸಿದೆ. ಅವಳು ಬುಟ್ಟಿ ಎತ್ತಿಕೊಂಡಳು, ಆದರೆ ಹೋಗುವ ಮುಂಚೆ ನನ್ನ ಮುಖ ನೋಡಿ, "ಬೇಟಿ, ನಾ ಸರದೇನಿ. ದೊಡ್ಡ ಮಂದಿ ಮುಂದ ನಿನ್ನ ಗೆರಿ ಅಳಸಿ ಹೋಗಬಾರದ್ ನೋಡು" ಅಂದಳು. ಯಾರನ್ನು ಕುರಿತು ಅಂದಳೆಂದು ಹೇಳಬೇಕಾಗಿರಲಿಲ್ಲ. ಅವಳು ನೋಡುತ್ತಿದ್ದದ್ದು ಹಾವಗೆಪ್ಪಣ್ಣನ ಫಂಕ್ಷನ್ ಹಾಲನ್ನು.

ಅತ್ತೆ, ನಿಮ್ಮ ಅಣ್ಣನ ಮಗನ ಬಗ್ಗೆ ನನಗೆ ಗೌರವವಿಲ್ಲ ಎಂದು ತಿಳಿಯಬೇಡಿ. ಸಂತಪುರದಿಂದ ಬರಿಗೈಯಲ್ಲಿ ಬಂದು ಅಷ್ಟು ದೊಡ್ಡ ಹಾಲು ಕಟ್ಟಿದವರು. ನಮ್ಮ ಮದುವೆಯಲ್ಲಿ ಅನ್ನದ ಹಂಡೆ ಹೊತ್ತವರು. ಆದರೆ ಅವರ ಹಾಲಿನ ಗ್ರಾನೈಟ್ ಮೆಟ್ಟಿಲುಗಳು ಫುಟ್‌ಪಾತನ್ನು ಪೂರ್ತಿ ನುಂಗಿ ಸೈಕಲ್ ದಾರಿಯ ಮೇಲೂ ಇಳಿದಿದ್ದವು. ಅದರ ಪಕ್ಕ ಕಬ್ಬಿಣದ ಚೌಕಟ್ಟಿನ ಮೇಲೆ ಜನರೇಟರು. ಆ ಹಾಲಿನ ಮುಂದೆ ಎಲ್ಲರೂ ರಸ್ತೆಗೆ ಇಳಿಯಲೇಬೇಕು, ಬೇರೆ ಗತಿಯೇ ಇಲ್ಲ. ಮೂರು ಸಲ ಹೋಗಿ ಕೈ ಮುಗಿದು ಕೇಳಿದೆ. ಮೊದಲ ಸಲ ಚಹಾ ಕುಡಿಸಿ ಕಳಿಸಿದರು. ಎರಡನೆಯ ಸಲ, "ತಂಗೀ, ಮನಿ ಮಂದಿಗಿ ಯಾರರೆ ನೋಟೀಸ್ ಕೊಡ್ತಾರೇನು?" ಎಂದು ನಕ್ಕರು. ಮೂರನೆಯ ಸಲ ನಗಲಿಲ್ಲ. ಫೆಬ್ರವರಿಯಲ್ಲಿ ಔರಾದದವರ ದೊಡ್ಡ ಮದುವೆ ಹಾಲಿನಲ್ಲಿತ್ತು. "ಅದಾದ ಮ್ಯಾಲ ನೋಡೋಣ" ಅಂದರು. ಅದಾದ ಮೇಲೆ ಇನ್ನೊಂದು ಮದುವೆ ಇದ್ದೇ ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಚೇರಿಯಲ್ಲೂ ಮೆತ್ತಗೆ ಹೇಳಿದರು, ಮದುವೆ ಮುಗಿಯಲಿ, ಯಾಕೆ ಸುಮ್ಮನೆ ತಕರಾರು ಎಂದು. ನಾನು ಸಾಹೇಬರಿಗೆ ಒಂದೇ ಮಾತು ಹೇಳಿದೆ. ಕಬ್ಬಿಣದಂಗಡಿಯವರೂ ಮಿಠಾಯಿಯವರೂ ಅಕ್ತರಬೀಯೂ ಸರಿದದ್ದು ಯಾರಿಗೂ ರಿಯಾಯಿತಿ ಇಲ್ಲ ಎಂದು ನಾನು ಹೇಳಿದ ಮಾತು ನಂಬಿ. ನನ್ನ ಸಂಬಂಧಿಕರ ಮೆಟ್ಟಿಲು ಉಳಿದರೆ ಸಂಜೆಯೊಳಗೆ ಸಲಾಕೆ, ಒಲೆ, ಬುಟ್ಟಿ ಎಲ್ಲ ತಿರುಗಿ ಬರುತ್ತವೆ, ಅಷ್ಟು ತಿಂಗಳ ಕೆಲಸ ಒಂದೇ ದಿನಕ್ಕೆ ಮಣ್ಣಾಗುತ್ತದೆ. ಅವರು ಮೆಟ್ಟಿಲು ತೆರವಿನ ನೋಟೀಸಿಗೆ ಸಹಿ ಹಾಕಿದರು. ಮನೆಯಲ್ಲಿ ಬೇರೆ ಕಥೆ. ನಿಮ್ಮ ಮಗ ಒಂದು ವಾರ ನನ್ನ ಜೊತೆ ಉಪ್ಪು, ಸಾರು ಎಂಬಷ್ಟೇ ಮಾತಾಡಿದರು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಚಿಕ್ಕಂದಿನಿಂದ ಬೆನ್ನ ಮೇಲೆ ಹೊತ್ತು ತಿರುಗಿದ ಮಾವನ ಮಗ. ಕಡೆಗೆ ಒಂದು ದಿನ ಊಟ ಮಾಡುತ್ತಾ, "ಅವ್ವಗ ಏನ್ ಹೇಳ್ತಿ?" ಅಂದರು. ಸುಳ್ಳು ಹೇಳುವುದಿಲ್ಲ, ನಿಮ್ಮ ಸಿಟ್ಟಿಗೆ ನಾನು ಬಹಳ ಹೆದರಿದ್ದೆ.

ಮದುವೆಗೆ ಐದು ದಿನ ಇರುವಾಗ, ನೋಟೀಸಿನಲ್ಲಿ ಬರೆದ ದಿನವೇ, ಮುಂಜಾನೆ ಜೆಸಿಬಿ ತೆಗೆದುಕೊಂಡು ಹೋದೆ. ಧೊಂಡಿಬಾ, ಅವನ ಆಳುಗಳು, ಇಬ್ಬರು ಪೊಲೀಸರು. ಅಂಗಡಿಯವರೆಲ್ಲ ಅರ್ಧ ಶಟರ್ ಎತ್ತಿ ನೋಡುತ್ತಾ ನಿಂತಿದ್ದರು. ಇವಳು ತನ್ನವರ ಮುಂದೆ ಏನು ಮಾಡುತ್ತಾಳೆ ನೋಡೋಣ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಹಾವಗೆಪ್ಪಣ್ಣ ಕೆಳಗಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದರು, ಬಿಳಿ ಅಂಗಿ, ಹಣೆಗೆ ವಿಭೂತಿ. "ತಂಗೀ, ಮೊದಲ ನನ್ನ ಮ್ಯಾಲ ಹಾಯಸು, ಆಮ್ಯಾಲ ಮೆಟ್ಲ ಒಡಿ" ಅಂದರು. "ಅಣ್ಣಾ, ನಿಮ್ಮ ಮ್ಯಾಲ ಯಾರೂ ಹಾಯಸಂಗಿಲ್ರಿ. ನೀವು ಏಳೋತನಕ ನಾನೂ ಇಲ್ಲೇ ನಿಂದರ್ತೇನಿ. ಆದ್ರ ಮೆಟ್ಲ ಒಡಿಲಾರ್ದ ತಿರುಗಿ ಹೋಗಂಗಿಲ್ರಿ" ಅಂದೆ. ಅವರು ಸಿಟ್ಟಿನಿಂದ ಜೇಬಿನೊಳಗಿನ ಫೋನು ತೆಗೆದರು. "ನಮ್ಮ ಅತ್ತಿಗೇ ಹಚ್ಚತೇನಿ. ಅಕಿ ನಿನ್ನ ಮನಿ ಹಿರೇಕಿ. ಅಕಿ ಬ್ಯಾಡ ಅಂದ್ರ ನಿನ್ನ ಗಾಡಿ ತಿರಗಸ್ತಿಯೇನು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ಒಂದು ದನಿ ಬಂತು.

ಅಕ್ತರಬೀ. ಬುಟ್ಟಿ ಬೇವಿನ ಮರದ ಕೆಳಗೇ ಬಿಟ್ಟು ಬಂದಿದ್ದಳು, ಕೈಗೆ ಇನ್ನೂ ಪಲ್ಲೆಯ ಮಣ್ಣಿತ್ತು. "ಹಚ್ಚ್ರಿ ಸಾಹೇಬ್ರ, ಹಚ್ಚ್ರಿ ಫೋನು. ಶಿವಕಾಂತಾಬಾಯಿಗಿ ಇದನ್ನೂ ಕೇಳ್ರಿ, ಎಲ್ಲಿ ಬಿದ್ದು ಕಾಲು ಮುರಕೊಂಡ್ರಿ ಅಂತ." ಹಾವಗೆಪ್ಪಣ್ಣ ಹುಬ್ಬು ಗಂಟಿಕ್ಕಿದರು. "ಅವರ ಗಲ್ಲ್ಯಾಗ ಬಿದ್ದಾರ" ಅಂದರು. "ಗಲ್ಲ್ಯಾಗಲ್ರಿ. ಇಲ್ಲಿ. ನೀವು ಕುಂತ ಮೆಟ್ಲ ಮ್ಯಾಲ." ಆಮೇಲೆ ಅವಳು ಎಲ್ಲರ ಮುಂದೆ ಹೇಳಿದಳು. ಮಳೆ ಹನಿಯುತ್ತಿತ್ತು, ಮೆಟ್ಟಿಲು ದಾಟಲು ನೀವು ರಸ್ತೆಗೆ ಇಳಿದಿರಿ, ಮೋಟರ್‌ಸೈಕಲ್ಲಿನವನೊಬ್ಬ ಹಾರ್ನ್ ಹೊಡೆಯುತ್ತಾ ಮೈಮೇಲೆ ಬಂದ, ಹಿಂದೆ ಸರಿಯಹೋಗಿ ಜನರೇಟರಿನ ವೈರಿಗೆ ಕಾಲು ಸಿಕ್ಕಿ ಗ್ರಾನೈಟಿನ ಅಂಚಿನ ಮೇಲೆ ಬಿದ್ದಿರಿ. ಅವಳೇ ಓಡಿ ಬಂದು ಎತ್ತಿದಳು. ಅಷ್ಟು ನೋವಿನಲ್ಲೂ ನೀವು ಅವಳ ಕೈ ಹಿಡಿದು, "ಅಕ್ತರಬೀ, ಇದು ನಮ್ಮ ಅಣ್ಣನ ಮಗಂದು ಜಾಗಾ. ಅವಂದು ಹೆಸರು ಕೆಡಬಾರದು, ಯಾರ ಮುಂದೂ ಅನಬ್ಯಾಡ" ಎಂದು ಮಾತು ತೆಗೆದುಕೊಂಡಿರಂತೆ. "ಇಷ್ಟು ದಿನಾ ಹೊಟ್ಯಾಗ ಇಟಗೊಂಡೆ. ಇವತ್ತ ಮಾತು ಮುರದೇನಿ, ಅಲ್ಲಾ ಮಾಫ್ ಮಾಡ್ಲಿ" ಎಂದು ಅಕ್ತರಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಮಗೊಬ್ಬರಿಗೇ ಹೇಳಬೇಕೆಂದಿದ್ದ ಮಾತು ಇದೇ ಅತ್ತೆ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ದವಾಖಾನೆಯಲ್ಲಿ ನಿಮ್ಮ ಪಕ್ಕ ಕೂತಿದ್ದ ನನಗೂ ನೀವು ಹೇಳಲಿಲ್ಲ. ನನಗೆ ಒಂದು ಕ್ಷಣ ನಿಮ್ಮ ಮೇಲೆ ಸಿಟ್ಟು ಬಂತು, ಮರುಕ್ಷಣ ಅಲ್ಲೇ ರಸ್ತೆಯಲ್ಲಿ ಕೂತು ಅಳಬೇಕೆನ್ನಿಸಿತು. ದವಾಖಾನೆಯಲ್ಲಿ ಹಾವಗೆಪ್ಪಣ್ಣ ಎಳನೀರು ಹಿಡಿದು ಬಂದು ನಿಮ್ಮ ಮಂಚದ ಪಕ್ಕ ಕೂತು, ಈ ಊರಿನಲ್ಲಿ ನಡೆಯಲು ಒಂದು ನೆಟ್ಟಗಿನ ಫುಟ್‌ಪಾತಿಲ್ಲ, ಮಂದಿಗೆ ಬುದ್ಧಿಯಿಲ್ಲ ಎಂದು ಎಷ್ಟು ಬೈದರು! ನೀವು ದಿಂಬಿಗೆ ಒರಗಿ ಸುಮ್ಮನೆ ಅವರ ತಲೆ ಸವರಿದಿರಿ. ಅಕ್ತರಬೀಯ ಮಾತು ಕೇಳಿ ಅವರಿಗೂ ಅದೇ ನೆನಪಾಗಿರಬೇಕು. ಎದ್ದು ನಿಂತರು. ಕೆಳಗಿನ ಮೆಟ್ಟಿಲನ್ನು ನೋಡಿದರು, ಜನರೇಟರಿನ ವೈರನ್ನು ನೋಡಿದರು. "ಅತ್ತಿ… ಇಲ್ಲೇನು?" ಎಂದು ಕೇಳಿದರು, ಯಾರನ್ನೆಂದು ನನಗೆ ಗೊತ್ತಿಲ್ಲ. ಫೋನು ಜೇಬಿಗೆ ಹಾಕಿಕೊಂಡು, ಕುರ್ಚಿಯನ್ನು ತಾವೇ ಎತ್ತಿ ಬದಿಗಿಟ್ಟು, ಹಾಲಿನ ಹುಡುಗರಿಗೆ "ಜನರೇಟರ್ ಒಳಗ ಎಳೀರಿ" ಅಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ತಂಗೀ, ನಿನ್ನ ಗಾಡಿ ಚಾಲೂ ಮಾಡಸು" ಅಂದರು. ಕಡೆಯ ತುಂಡು ಎತ್ತುವ ತನಕ ಬಿಸಿಲಿನಲ್ಲಿ ಅಲ್ಲೇ ನಿಂತಿದ್ದರು. ಯಾರೋ ಅಂಗಡಿಯವನು ಚಪ್ಪಾಳೆ ತಟ್ಟಲು ಹೋದ, ನಾನು ಕೈ ಮಾಡಿ ನಿಲ್ಲಿಸಿದೆ. ಆ ಹೊತ್ತಿಗೆ ಅದು ಬೇಡವಾಗಿತ್ತು. ನಿಮ್ಮ ಮಗ ಯಾವಾಗ ಬಂದಿದ್ದರೋ, ಒಂದು ಥರ್ಮಾಸ್ ಚಹಾ ತಂದು ಮೊದಲ ಕಪ್ಪು ಹಾವಗೆಪ್ಪಣ್ಣನಿಗೆ, ಎರಡನೆಯದು ಅಕ್ತರಬೀಗೆ, ಮೂರನೆಯದು ನನಗೆ ಕೊಟ್ಟರು.

ಮೆಟ್ಟಿಲು ಒಡೆದ ಮೇಲೆ ಹಾಲಿನ ಬಾಗಿಲು ಅಷ್ಟೆತ್ತರದಲ್ಲಿ ನೇತಾಡುತ್ತಿತ್ತು. "ಇನ್ನ ಮದುವಿ ಮಂದಿ ಹಾರಿ ಒಳಗ ಹೋಗಬೇಕೇನು?" ಎಂದು ಅವರು ಕೇಳಿದಾಗ ನಾನು ನಕ್ಷೆ ತೆಗೆದು ತೋರಿಸಿದೆ. ಮೆಟ್ಟಿಲನ್ನು ಅವರ ಕಂಪೌಂಡಿನ ಒಳಗೇ ಬದಿಗೆ ತಿರುಗಿಸುವುದು, ಅದರ ಪಕ್ಕ ಒಂದು ಇಳಿಜಾರು ಕಟ್ಟುವುದು. ಧೊಂಡಿಬಾ ಮತ್ತು ಹಾಲಿನವರ ಗೌಂಡಿಗಳು ಸೇರಿ ಹಗಲೆಲ್ಲ ದುಡಿದರು. ನಾನು ಮುಂದಿನ ಫುಟ್‌ಪಾತಿಗೆ ಕಲ್ಲು ಹಾಸಿಸಿದೆ, ಸೈಕಲ್ ದಾರಿಗೆ ಹಸಿರು ಬಣ್ಣ ಬಳಿಸಿದೆ. ಮದುವೆಯ ಹಿಂದಿನ ಸಂಜೆ ಬಣ್ಣ ಇನ್ನೂ ಹಸಿಯಿತ್ತು. ಅದರ ಮೇಲೆ ಯಾರ ನಾಯಿಯೋ ಓಡಿ ಹೋಗಿ ನಾಲ್ಕು ಹೆಜ್ಜೆ ಮೂಡಿಸಿದೆ. ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ.

ಇನ್ನು ಮದುವೆಯ ದಿನ. ಅದನ್ನು ನೀವು ನೋಡಬೇಕಿತ್ತು. ಔರಾದದಿಂದ ಎರಡು ಬಸ್ಸು ತುಂಬಿ ಮಂದಿ ಬಂದರು. ನಾಕಾದಲ್ಲಿ ವಾಹನಗಳ ಗದ್ದಲ, ಬಸ್ಸುಗಳು ಮುಂದೆ ಬರಲಾಗದೆ ನಿಲ್ದಾಣದ ಹತ್ತಿರವೇ ನಿಂತವು. ಬೀಗರೆಲ್ಲ ಇಳಿದು ನಡೆಯಲು ಶುರು ಮಾಡಿದರು. ಬ್ಯಾಂಡಿನವರು ರಸ್ತೆಯ ಅಂಚಿನಲ್ಲಿ, ಮಂದಿ ಮಾತ್ರ ಫುಟ್‌ಪಾತಿನ ಮೇಲೆ. ಕಂಕುಳಲ್ಲಿ ಕೂಸು ಹೊತ್ತವರು, ಇಳಕಲ್ ಸೀರೆಯ ಸೆರಗು ಹೊದ್ದ ಮುದುಕಿಯರು, ತಲೆಯ ಮೇಲೆ ಮದುವೆಯ ಸುರಗಿ ಶಾಸ್ತ್ರದ ಬುಟ್ಟಿ ಹೊತ್ತವರು, ಒಬ್ಬರಾದರೂ ರಸ್ತೆಗೆ ಇಳಿಯಲಿಲ್ಲ. ಶಾಲೆ ಬಿಡುವ ಹೊತ್ತು ಬೇರೆ, ಹಸಿರು ಪಟ್ಟಿಯ ಮೇಲೆ ಹುಡುಗಿಯರು ಸಾಲಾಗಿ ಗಂಟೆ ಬಾರಿಸುತ್ತಾ ಸೈಕಲ್ ತುಳಿದು ಬಂದರು, ಮದುಮಗನಿಗೂ ಕೈ ಬೀಸಿ ಹೋದರು. ಮದುಮಗನ ಅಜ್ಜ ಗಾಲಿಕುರ್ಚಿಯಲ್ಲಿದ್ದರು. ಎಲ್ಲ ಹಾಲಿನಲ್ಲೂ ನಾಲ್ಕು ಮಂದಿ ಹೊತ್ತು ಮೇಲೆ ಒಯ್ಯುತ್ತಾರೆ, ನನಗೆ ನಾಚಿಕೆಯಾಗುತ್ತದೆ ಎಂದು ಅವರು ಮದುವೆಗೇ ಬರುವುದಿಲ್ಲ ಅಂದಿದ್ದರಂತೆ. ಮೊಮ್ಮಗಳೊಬ್ಬಳು ಒಂದೇ ಕೈಯಲ್ಲಿ ಕುರ್ಚಿ ನೂಕುತ್ತಾ ಇಳಿಜಾರು ಹತ್ತಿಸಿ ಒಳಗೆ ಕರೆದೊಯ್ದಳು. ಅಜ್ಜ ತಲೆಯ ಪಟಕಾ ಸರಿಮಾಡಿಕೊಂಡು ರಾಜರ ಹಾಗೆ ಒಳಗೆ ಹೋದರು. ಹಾವಗೆಪ್ಪಣ್ಣ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವುದು ಬಿಟ್ಟು ಕೈಯಲ್ಲಿ ಒಂದು ಕೋಲು ಹಿಡಿದು ಹೊರಗೆ ನಿಂತಿದ್ದರು. ಒಬ್ಬ ಮೋಟರ್‌ಸೈಕಲ್ಲಿನವನು ಗಾಡಿ ಫುಟ್‌ಪಾತಿನ ಮೇಲೆ ಏರಿಸಹೋದ. "ಏ, ಇಳಸು! ಇದು ನಡಿಯೋ ಮಂದಿ ಹಾದಿ ಅದ, ಕಣ್ಣಿಲ್ಲೇನು?" ಎಂದು ಇವರು ಗದರಿದ್ದಕ್ಕೆ ಅವನು ಗಾಡಿ ಬಿಟ್ಟು ಓಡುವಂತಾಯಿತು. ನಾನೂ ನಿಮ್ಮ ಮಗನೂ ಎದುರಿನ ಅಂಗಡಿಯ ನೆರಳಿನಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಕ್ಕೆವು.

ಮದುಮಗನ ತಂದೆ ಊಟವಾದ ಮೇಲೆ ಹಾವಗೆಪ್ಪಣ್ಣನ ಕೈ ಹಿಡಿದು, "ನಮ್ಮ ಅಪ್ಪಗ ಮದುವಿ ತೋರಿಸಿದ್ರಿ. ಇಂಥಾ ಹಾದಿ ಮಾಡಬೇಕಂತ ಯಾರಿಗಿ ಹೊಳೀತ್ರಿ?" ಎಂದು ಕೇಳಿದರು. ನಾನು ಅಲ್ಲೇ ಪಕ್ಕದಲ್ಲಿದ್ದೆ, ನನ್ನ ಹೆಸರು ಬರುತ್ತದೆಂದು ಸೆರಗು ಸರಿಮಾಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಹಾವಗೆಪ್ಪಣ್ಣ, "ನಮ್ಮ ಅತ್ತಿ ಒಬ್ಬಾಕಿ ಅದಾಳ್ರಿ, ಭಾಲ್ಕ್ಯಾಗ. ಅಕಿದು ಹಾದಿ ಇದು" ಅಂದರು. ನನಗೆ ಒಂದು ಗಳಿಗೆ ಹೊಟ್ಟೆಯುರಿಯಿತು, ಮರುಗಳಿಗೆ ಕಣ್ಣು ತುಂಬಿತು. ಈಗ ಆ ಸಾಲಿನ ಅಂಗಡಿಯವರೆಲ್ಲ ಅದನ್ನು "ಅತ್ತಿ ಹಾದಿ" ಎಂದೇ ಕರೆಯುತ್ತಿದ್ದಾರೆ. ಮಿಠಾಯಿಯವರು ಒಬ್ಬ ಗಿರಾಕಿಗೆ "ಅತ್ತಿ ಹಾದಿ ಹಿಡದು ಬರ್ರಿ, ಬಲಕ್ಕ ನಮ್ಮ ದುಕಾನ" ಎಂದು ಫೋನಿನಲ್ಲಿ ದಾರಿ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದೆ. ಸಾಹೇಬರು ಮೊನ್ನೆ ಕರೆದು ಇನ್ನೂ ಎರಡು ರಸ್ತೆಯ ಮಂದಿ ತಮಗೂ ಇಂಥದ್ದೇ ಬೇಕೆಂದು ಅರ್ಜಿ ಕೊಟ್ಟಿದ್ದಾರೆ ಎಂದರು. ಅವನ್ನೂ ನನಗೇ ಕೊಟ್ಟಿದ್ದಾರೆ. ಆದರೆ ಕಟ್ಟಿ ಮರೆಯುವವಳಲ್ಲ ನಾನು. ಪ್ರತಿ ಗುರುವಾರ ನಾಕಾದಿಂದ ನಿಲ್ದಾಣಕ್ಕೆ ನಡೆಯುತ್ತೇನೆ. ಅಲುಗಾಡುವ ಚಪ್ಪಡಿ, ತುಂಬಿದ ಮಣ್ಣು, ಮುರಿದ ಗೂಟ, ಏನು ಕಂಡರೂ ಅಂದೇ ಧೊಂಡಿಬಾಗೆ ಹೇಳುತ್ತೇನೆ. ಅಂಗಡಿಯವರು ತಮ್ಮ ಮುಂದಿನ ತುಂಡನ್ನು ತಾವೇ ತೊಳೆಯುತ್ತಿದ್ದಾರೆ, ಯಾರದು ಹೆಚ್ಚು ಸ್ವಚ್ಛ ಎಂಬ ಪೈಪೋಟಿ ಬೇರೆ. ಹೋದ ಗುರುವಾರ ನಾನು ಈ ತುದಿಯಿಂದ ಆ ತುದಿಯ ತನಕ ನಡೆದೆ ಅತ್ತೆ, ಒಮ್ಮೆಯೂ ರಸ್ತೆಗೆ ಇಳಿಯಲಿಲ್ಲ. ನಿಲ್ದಾಣ ಮುಟ್ಟಿದ ಮೇಲೆ ಕೆಲಸವೇನೂ ಇರದಿದ್ದರೂ ಮತ್ತೆ ತಿರುಗಿ ಅದೇ ದಾರಿಯಲ್ಲಿ ಬಂದೆ, ಬರೀ ಖುಷಿಗೆ.

ಅಕ್ತರಬೀ ಮಾತು ಮುರಿದದ್ದಕ್ಕೆ ನೀವು ಅವಳ ಮೇಲೆ ಬೇಜಾರು ಮಾಡಿಕೊಳ್ಳಬಾರದು. ಅವಳು ದಿನಾ ನಿಮ್ಮ ಬಗ್ಗೆ ಕೇಳುತ್ತಾಳೆ. ಆರತಿಗೂ ಅಳಿಯಂದಿರಿಗೂ ನಮಸ್ಕಾರ ಹೇಳಿ, ಮಕ್ಕಳಿಗೆ ಮುತ್ತು ಕೊಡಿ. ನಿಮ್ಮ ಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೊಂಡು ಮಲಗಿ. ಬಸವಣ್ಣ ನಿಮ್ಮನ್ನು ನೂರು ವರ್ಷ ನಡೆಸಲಿ, ಅದೂ ನಿಮ್ಮ ಕಾಲ ಮೇಲೆಯೇ.

ನಿಮ್ಮ ಸೊಸೆ,
ಬಸು

ಮರೆತಿದ್ದೆ: ಈ ಭಾನುವಾರ ಹಾವಗೆಪ್ಪಣ್ಣ ಕಾರು ತೆಗೆದುಕೊಂಡು ಭಾಲ್ಕಿಗೆ ಬರುತ್ತಾರೆ. ಯಾವುದೋ ಹೊಲ ನೋಡಲು ಬಂದಿದ್ದೆ ಎಂದು ಹೇಳುತ್ತಾರೆ, ನಂಬಬೇಡಿ. ನಿಮ್ಮನ್ನು ಕರೆದುಕೊಂಡು ಬರಲಿಕ್ಕೇ ಬರುತ್ತಿದ್ದಾರೆ. ನಮ್ಮ ಕೆಳಮನೆಯ ಬಾಡಿಗೆಯವರು ಬಿಟ್ಟು ಹೋದರು, ನಾವು ಮೊನ್ನೆಯೇ ಕೆಳಗೆ ಇಳಿದಿದ್ದೇವೆ, ನಿಮ್ಮ ಮಂಚ ರಸ್ತೆಯ ಕಡೆಯ ಕಿಟಕಿಗೆ ಹಾಕಿದ್ದೇವೆ, ಇನ್ನು ಮೆಟ್ಟಿಲ ನೆಪ ನಡೆಯುವುದಿಲ್ಲ. ಇನ್ನೊಂದು ಮಾತು. ಹಾವಗೆಪ್ಪಣ್ಣ ನಿಮ್ಮ ಕಾಲು ಹಿಡಿದರೆ ದಯವಿಟ್ಟು "ಇರಲಿ ಬಿಡಪಾ" ಅನ್ನಬೇಡಿ. ಅಂದರೆ ಅವರಿಗೆ ಜನ್ಮಪೂರ್ತಿ ನಿದ್ದೆ ಬರುವುದಿಲ್ಲ. ಬೈಯಿರಿ. ಚಿಕ್ಕವರಿದ್ದಾಗ ಬೈಯುತ್ತಿದ್ದ ಹಾಗೆ ಬಾಯಿ ತುಂಬ ಬೈಯಿರಿ. ಬೈದು ಮುಗಿದ ಮೇಲೆ ಬ್ಯಾಗು ಅವರ ಕೈಗೆ ಕೊಟ್ಟು ಕಾರು ಹತ್ತಿಬಿಡಿ.